ಯಶಶ್ರೀ ಅರ್ಧಕ್ಕೆ ಬಿಟ್ಟ ಪಾಠ

ಚಾಮರಾಜಪೇಟೆ, ಬೆಂಗಳೂರು
18 ಸೆಪ್ಟೆಂಬರ್ 2024

ರಂಗನಾಯಕಿ ಮೇಡಂ ಅವರಿಗೆ ವಿಶಾಲಮ್ಮ ಮಾಡುವ ನಮಸ್ಕಾರಗಳು.

ನಾನು ಯಾರು ಅಂತ ನಿಮಗೆ ತಕ್ಷಣ ಗೊತ್ತಾಗಲಿಕ್ಕಿಲ್ಲ. ನಿಮ್ಮ ಹೈಸ್ಕೂಲಿನಲ್ಲಿ ಓದಿದ ಯಶಶ್ರೀ ತಾಯಿ ನಾನು. ಮೊದಲನೇ ಬೆಂಚಿನಲ್ಲಿ ಕೂರ್ತಿದ್ದ, ಎರಡು ಜಡೆಯ, ಜೋರು ಗಂಟಲಿನ ಹುಡುಗಿ ಅಂದರೆ ನೆನಪಾಗಬಹುದು. ನಮ್ಮ ಯಜಮಾನರು ಆಂಜಿನಯ್ಯ ಅಂತ, ಕಲಾಸಿಪಾಳ್ಯದಲ್ಲಿ ತರಕಾರಿ ಮಂಡಿ ಇಟ್ಟಿದಾರೆ. ನಿಮ್ಮ ವಿಳಾಸ ಸ್ಕೂಲಿನ ಆಫೀಸಿನಲ್ಲಿ ಇಸ್ಕೊಂಡೆ. ನೀವು ಕೆಲಸ ಬಿಟ್ಟು ಮೇಲುಕೋಟೆಯಲ್ಲಿ ತಂಗಿ ಮನೇಲಿದೀರಿ ಅಂದರು.

ವಿಷಯ ಏನಂದರೆ, ನಾನು ಈ ಸಲ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೀನಿ. ಮಾಗಡಿ ಹತ್ತಿರ ನಮ್ಮೂರಲ್ಲಿ ಒಂಬತ್ತನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲೇ ನನ್ನ ಮದುವೆ ಮಾಡಿದ್ರು. ಯಶಶ್ರೀ ಬಿ.ಎಸ್ಸಿ. ಸೇರಿದ ಮೇಲೆ ಹಟ ಹಿಡಿದು ನನ್ನ ಕೈಗೆ ಪುಸ್ತಕ ಕೊಟ್ಟಳು. ಮಧ್ಯಾಹ್ನ ಊಟ ಆದಮೇಲೆ ಅಡಿಗೆಮನೆ ನೆಲದ ಮೇಲೆ ಕೂತು ಹೇಳಿಕೊಡೋಳು. ವಿಜ್ಞಾನದ ಮೊದಲನೇ ಪಾಠದಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸೋದು ಅಂತ ಬರತ್ತಲ್ಲ, ಅಲ್ಲಿಗೆ ನಿಂತಿದೆ. ಗೈಡು ತಂದು ನೋಡಿದೆ. ಎರಡರಿಂದ ಗುಣಿಸಿ ಅಂತ ಬರೆದಿದಾರೆ. ಯಾಕೆ ಎರಡು, ಯಾಕೆ ಮೂರಲ್ಲ ಅಂತ ಬರೆದಿಲ್ಲ. ನಮ್ಮ ಬೀದಿಯಲ್ಲೇ ಟ್ಯೂಷನ್ ಇದೆ, ಆದರೆ ಅಷ್ಟು ಚಿಕ್ಕ ಮಕ್ಕಳ ಮಧ್ಯೆ ಹೋಗಿ ಕೂರಕ್ಕೆ ನಾಚಿಕೆ ಆಗತ್ತೆ.

ನಮ್ಮ ಮಿಸ್ ಹಾಗೆ ಯಾರೂ ಹೇಳಿಕೊಡಲ್ಲಮ್ಮ ಅಂತ ಯಶಶ್ರೀ ಯಾವಾಗಲೂ ಹೇಳೋಳು. ಅದಕ್ಕೇ ಧೈರ್ಯ ಮಾಡಿ ಬರೀತಿದೀನಿ. ತೊಂದರೆ ಅನಿಸಿದರೆ ಉತ್ತರ ಬರೆಯದೇ ಇದ್ದುಬಿಡಿ, ನಾನು ತಪ್ಪು ತಿಳ್ಕೊಳ್ಳಲ್ಲ.

ಇಂತಿ,
ವಿಶಾಲಮ್ಮ


ಮೇಲುಕೋಟೆ
27 ಸೆಪ್ಟೆಂಬರ್ 2024

ಶ್ರೀಮತಿ ವಿಶಾಲಮ್ಮನವರಿಗೆ ನಮಸ್ಕಾರ.

ಯಶಶ್ರೀಯನ್ನು ಮರೆಯುವುದು ಸಾಧ್ಯವೇ? ನನ್ನ ತರಗತಿಯಲ್ಲಿ ಅತಿ ಹೆಚ್ಚು ಗದ್ದಲ ಮಾಡುತ್ತಿದ್ದವಳು ಅವಳೇ. ಅವಳು ವಿಜ್ಞಾನವನ್ನೇ ಆರಿಸಿಕೊಂಡಳೆಂದು ಕೇಳಿ ಸಂತೋಷವಾಯಿತು. ಆದರೆ ಮನೆಯಲ್ಲೇ ಬಿ.ಎಸ್ಸಿ. ಓದುವ ಮಗಳನ್ನು ಇಟ್ಟುಕೊಂಡು ನೀವು ನನಗೆ ಕಾಗದ ಬರೆಯುವುದೇಕೆ ಎಂದು ಅರ್ಥವಾಗಲಿಲ್ಲ. ಇರಲಿ, ಕೇಳಿದ್ದೀರಿ, ಹೇಳುತ್ತೇನೆ.

ಫೋನ್ ಮಾಡಬೇಡಿ. ಫೋನ್ ನನಗೆ ಒಗ್ಗುವುದಿಲ್ಲ. ಬರೆಯುವುದೇ ಸರಿ. ಸಮೀಕರಣವನ್ನು ಬಾಯಲ್ಲಿ ಹೇಳಲಿಕ್ಕೂ ಆಗುವುದಿಲ್ಲ.

ಮೊದಲು ಒಂದೇ ಮಾತು. ಸಮೀಕರಣದ ಮಧ್ಯೆ ಒಂದು ಬಾಣದ ಗುರುತು ಇರುತ್ತದೆ. ಎಡಗಡೆ ಇರುವುದು ಕ್ರಿಯೆಗೆ ಮುಂಚಿನ ವಸ್ತು, ಬಲಗಡೆ ಇರುವುದು ಆಮೇಲಿನದು. ಎಡಗಡೆ ಯಾವ ಯಾವ ಪರಮಾಣು ಎಷ್ಟೆಷ್ಟು ಇದೆಯೋ ಬಲಗಡೆಯೂ ಅಷ್ಟೇ ಇರಬೇಕು. ಪರಮಾಣು ಹೊಸದಾಗಿ ಬರುವುದಿಲ್ಲ, ಇದ್ದದ್ದು ಇಲ್ಲವಾಗುವುದೂ ಇಲ್ಲ. ಜೊತೆಗಾರರನ್ನು ಬದಲಾಯಿಸಿಕೊಳ್ಳುತ್ತದೆ, ಅಷ್ಟೆ.

ಈಗ ಇದನ್ನು ಸರಿದೂಗಿಸಿ: H₂ + O₂ → H₂O. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುತ್ತದೆ. ಎಲ್ಲ ಮಕ್ಕಳೂ ಮಾಡುವ ತಪ್ಪೊಂದಿದೆ. ನೀವೂ ಅದನ್ನು ಮಾಡಿ ಕಳುಹಿಸಿ. ನಿಯಮವನ್ನು ಆಮೇಲೆ ಹೇಳುತ್ತೇನೆ.

ಯಶಶ್ರೀಗೆ ತೋರಿಸದೆ ಮಾಡಿ. ಅವಳಿಗೆ ನನ್ನ ಆಶೀರ್ವಾದ ತಿಳಿಸಿ.

ರಂಗನಾಯಕಿ


ಚಾಮರಾಜಪೇಟೆ
9 ಅಕ್ಟೋಬರ್ 2024

ಮೇಡಂ ಅವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ನೋಡಿ ತುಂಬ ಖುಷಿಯಾಯ್ತು. ಆಶೀರ್ವಾದ ತಿಳಿಸಿದೆ.

ಹೀಗೆ ಮಾಡಿದೀನಿ. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದೇ. ಅದಕ್ಕೆ ಬಲಗಡೆ O ಕೆಳಗೆ ಎರಡು ಅಂತ ಹಾಕಿದೆ. H₂ + O₂ → H₂O₂. ಈಗ ಎರಡೂ ಕಡೆ ಸಮ ಆಯ್ತು. ಇಷ್ಟು ಸುಲಭಾನಾ ಅಂತ ಅನುಮಾನ. ತಪ್ಪು ಮಾಡಿ ಕಳಿಸಿ ಅಂದಿದ್ರಲ್ಲ, ಇದೇ ತಪ್ಪು ಇರಬೇಕು. ಆದರೆ ಎಲ್ಲಿ ತಪ್ಪಿದೀನಿ ಅಂತ ಎಷ್ಟು ನೋಡಿದರೂ ಗೊತ್ತಾಗ್ತಿಲ್ಲ.

ಈ ಸಲ ನಮ್ಮ ಮನೇಲಿ ಹಬ್ಬ ಇಲ್ಲ. ಹಾಗಾಗಿ ಓದಕ್ಕೆ ಪುರುಸೊತ್ತು ಇದೆ.

ವಿಶಾಲಮ್ಮ


ಮೇಲುಕೋಟೆ
20 ಅಕ್ಟೋಬರ್ 2024

ವಿಶಾಲಮ್ಮನವರಿಗೆ ನಮಸ್ಕಾರ.

ಅದೇ ತಪ್ಪು. ನೀವು ಲೆಕ್ಕವನ್ನು ಸರಿ ಮಾಡಿದ್ದೀರಿ, ಆದರೆ ನೀರನ್ನು ಕಳೆದುಕೊಂಡಿದ್ದೀರಿ. H₂O₂ ಅಂದರೆ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಬಳಸುತ್ತಾರೆ, ಕುಡಿದರೆ ಹೊಟ್ಟೆ ಸುಡುತ್ತದೆ. ಕೆಳಗಿನ ಸಣ್ಣ ಅಂಕಿಯನ್ನು ಮುಟ್ಟಿದರೆ ವಸ್ತುವೇ ಬೇರೆಯಾಗುತ್ತದೆ. ಆದ್ದರಿಂದ ಅದನ್ನು ಮುಟ್ಟಬಾರದು. ಮುಂದೆ ದೊಡ್ಡ ಅಂಕಿ ಹಾಕುವುದಕ್ಕೆ ಮಾತ್ರ ನಿಮಗೆ ಅಧಿಕಾರ. H₂O ಮುಂದೆ ಎರಡು ಬರೆದರೆ ಎರಡು ಅಣು ನೀರು. ನೀರು ನೀರಾಗಿಯೇ ಉಳಿಯುತ್ತದೆ, ಎಷ್ಟು ಎಂಬುದು ಬದಲಾಗುತ್ತದೆ. ನಿಯಮ ಇದೊಂದೇ. ಎರಡು ಬಣ್ಣದ ಕಾಳು ಇಟ್ಟುಕೊಂಡು ಮತ್ತೆ ಪ್ರಯತ್ನಿಸಿ.

ಯಶಶ್ರೀ ಎಂಟನೇ ತರಗತಿಯಲ್ಲಿ ಇದೇ ತಪ್ಪು ಮಾಡಿ, ನಾನು ತಿದ್ದಿದಾಗ ವಾದಕ್ಕೆ ನಿಂತಿದ್ದಳು. ಅವಳಿಗೆ ಇನ್ನೊಂದು ಕೆಟ್ಟ ಅಭ್ಯಾಸವಿತ್ತು. ಹಿಂದಿನ ಬೆಂಚಿನ ಹುಡುಗಿಯರು ಏನಾದರೂ ಕೇಳಿದರೆ, ಅದನ್ನೇ ತಾನು ಮತ್ತೊಮ್ಮೆ ಗಟ್ಟಿಯಾಗಿ ಹೇಳುವುದು. ಮೂರು ವರ್ಷ ಬೈದೆ, ಬಿಡಲಿಲ್ಲ. ಈಗಲಾದರೂ ಬಿಟ್ಟಿದ್ದಾಳೆಯೇ?

ಅವಳಿಗೆ ಬಿಡುವಿದ್ದರೆ ನಿಮ್ಮ ಪಕ್ಕದಲ್ಲಿ ಕೂರಲು ಹೇಳಿ. ನಾನು ಕಾಗದದಲ್ಲಿ ಹೇಳುವುದಕ್ಕಿಂತ ಅದು ಎಷ್ಟೋ ವಾಸಿ.

ರಂಗನಾಯಕಿ


ಚಾಮರಾಜಪೇಟೆ
29 ನವೆಂಬರ್ 2024

ಮೇಡಂ ಅವರಿಗೆ ನಮಸ್ಕಾರಗಳು.

ತಡವಾಯ್ತು, ಕ್ಷಮಿಸಿ. ಮನಸ್ಸು ಸರಿ ಇರಲಿಲ್ಲ. ಈಗ ಪರವಾಗಿಲ್ಲ.

ಆ ಔಷಧಿ ನಾನು ನೋಡಿದೀನಿ. ಗಾಯದ ಮೇಲೆ ಹಾಕಿದರೆ ಬೆಳ್ಳಗೆ ನೊರೆ ಬರತ್ತೆ. ಆಸ್ಪತ್ರೆಯಲ್ಲಿ ನರ್ಸಮ್ಮ ಹಾಕ್ತಿದ್ರು. ಅದರಲ್ಲೂ ನೀರಲ್ಲಿರೋ ಅದೇ ಎರಡು ವಸ್ತು ಇದೆ ಅಂತ ಗೊತ್ತಿರಲಿಲ್ಲ.

ಬಸವನಗುಡಿ ಪರಿಷೆಗೆ ನಾನು ಹೋಗಲಿಲ್ಲ. ಪಕ್ಕದ ಮನೆ ಕಲ್ಯಾಣಮ್ಮ ಒಂದು ಸೇರು ಕಡಲೆಕಾಯಿ ತಂದುಕೊಟ್ಟರು. ಸುಲಿಯಕ್ಕೆ ಕೂತಾಗ ನಿಮ್ಮ ಲೆಕ್ಕ ಹೊಳೀತು. ಒಂದು ಕಾಯಿಯೊಳಗೆ ಎರಡು ಬೀಜ. H₂ ಅಂದರೂ ಹಾಗೇ ತಾನೆ? ಒಂದೇ ಬೀಜ ಬೇಕು ಅಂದರೂ ಇಡೀ ಕಾಯಿ ತಗೋಬೇಕು, ಅರ್ಧ ಕಾಯಿ ಯಾರೂ ಕೊಡಲ್ಲ. ಆಕ್ಸಿಜನ್ನಿಗೆ ಕೆಂಪು ಸಿಪ್ಪೆ ಬೀಜ, ಹೈಡ್ರೋಜನ್ನಿಗೆ ಸಿಪ್ಪೆ ತೆಗೆದ ಬೀಜ ಅಂತ ಇಟ್ಕೊಂಡೆ. ಒಂದು ನೀರಿಗೆ ಒಂದೇ ಆಕ್ಸಿಜನ್ ಸಾಕು. ಆದರೆ ಅದು ಬರೋದು ಜೋಡಿಯಾಗಿ, ಇನ್ನೊಂದು ಮಿಕ್ಕತ್ತೆ. ಅದಕ್ಕೆ ಇನ್ನೊಂದು ನೀರು ಮಾಡಬೇಕು. ಎರಡು ನೀರಿಗೆ ನಾಲ್ಕು ಹೈಡ್ರೋಜನ್. ಅಂದರೆ ಎರಡು ಕಾಯಿ. 2H₂ + O₂ → 2H₂O. ಸರಿ ಇದೆಯಾ? ಯಾಕೆ ಎರಡು ಅಂತ ಈಗ ಗೊತ್ತಾಯ್ತು.

ಯಶಶ್ರೀ ಪಕ್ಕದಲ್ಲಿ ಕೂರಕ್ಕೆ ಆಗಲ್ಲ ಮೇಡಂ. ನೀವೇ ಹೇಳಿಕೊಡಬೇಕು. ನಮ್ಮ ಯಜಮಾನರಿಗೂ ನಾನು ಓದೋದು ಇಷ್ಟ ಇಲ್ಲ. ಅವರು ಮಂಡಿಗೆ ಹೋದ ಮೇಲೆ ಪುಸ್ತಕ ತೆಗೀತೀನಿ.

ಒಂದು ಅನುಮಾನ ಇದೆ, ಪರೀಕ್ಷೆಗೆ ಬರತ್ತೋ ಇಲ್ಲವೋ ತಿಳಿಯದು. ಎಡಗಡೆ ಇದ್ದದ್ದೆಲ್ಲ ಬಲಗಡೆ ಇರಬೇಕು ಅಂದಿದ್ರಿ. ಆದರೆ ಏನಾದರೂ ಉರಿದು ಹೋದರೆ? ಅಷ್ಟು ದೊಡ್ಡದು ಇದ್ದದ್ದು ಉರಿದ ಮೇಲೆ ಒಂದು ಸಣ್ಣ ಮಡಕೆಯಷ್ಟು ಬೂದಿ ಕೊಡ್ತಾರೆ. ಮಿಕ್ಕದ್ದೆಲ್ಲ ಎಲ್ಲಿಗೆ ಹೋಯ್ತು? ಇದನ್ನ ಹೇಗೆ ಸರಿದೂಗಿಸೋದು?

ವಿಶಾಲಮ್ಮ


ಮೇಲುಕೋಟೆ
10 ಡಿಸೆಂಬರ್ 2024

ವಿಶಾಲಮ್ಮನವರಿಗೆ ನಮಸ್ಕಾರ.

ಕಡಲೆಕಾಯಿಯ ಲೆಕ್ಕ ಪೂರ್ತಿ ಸರಿ. ಎಷ್ಟೋ ವರ್ಷ ಪಾಠ ಮಾಡಿದ ನನಗೆ ಅದು ತೋಚಿರಲಿಲ್ಲ.

ನಿಮ್ಮ ಅನುಮಾನ ಒಳ್ಳೆಯದು. ಬೂದಿಯನ್ನು ಮಾತ್ರ ತೂಗಿದರೆ ಲೆಕ್ಕ ತಪ್ಪುತ್ತದೆ. ಹೊಗೆಯೂ ಬಲಗಡೆಗೇ ಸೇರಿದ್ದು. ಸೌದೆಯಲ್ಲಿರುವ ಇಂಗಾಲ ಗಾಳಿಯ ಆಕ್ಸಿಜನ್ ಜೊತೆ ಸೇರಿ CO₂ ಆಗುತ್ತದೆ: C + O₂ → CO₂. ನೀರಿನ ಅಂಶ ಆವಿಯಾಗುತ್ತದೆ. ಎರಡೂ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಇಲ್ಲವಾಯಿತು ಅನ್ನುತ್ತೇವೆ. ಯಾವುದೂ ಇಲ್ಲವಾಗಿಲ್ಲ. ಗಾಳಿಯಲ್ಲಿದೆ, ಗಿಡಗಳು ಎಳೆದುಕೊಳ್ಳುತ್ತವೆ. ಚೆನ್ನಾಗಿ ಉರಿದಷ್ಟೂ ಬೂದಿ ಕಡಿಮೆ. ಪೂರ್ತಿ ಉರಿದಿದೆ ಎನ್ನುವುದಕ್ಕೆ ಅದೇ ಗುರುತು. ನೀವು ಇಷ್ಟು ಆಸಕ್ತಿಯಿಂದ ಕೇಳುತ್ತೀರಿ, ಹಾಗಾಗಿ ಬರೆಯಲು ನನಗೂ ಹುರುಪು.

ಇದರೊಂದಿಗೆ ಯಶಶ್ರೀಗೆ ಒಂದು ಚೀಟಿ ಇಟ್ಟಿದ್ದೇನೆ. ದಯವಿಟ್ಟು ಅವಳ ಕೈಗೇ ಕೊಡಿ.

ರಂಗನಾಯಕಿ


(ಜೊತೆಯಲ್ಲಿದ್ದ ಚೀಟಿ)

ಯಶಶ್ರೀ,

ನಿನ್ನ ತಾಯಿ ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಬರೆದಿಲ್ಲ. ಅದರಿಂದಲೇ ನನಗೆ ಎಲ್ಲ ತಿಳಿಯಿತು. ಶುರುಮಾಡಿಸಿದವಳು ನೀನು, ಅರ್ಧಕ್ಕೆ ಕೈಬಿಟ್ಟವಳೂ ನೀನು. ಕಾಲೇಜು, ಸ್ನೇಹಿತರು ಎಲ್ಲ ಇರುತ್ತದೆ, ಗೊತ್ತು. ಆದರೆ ಕಡಲೆಕಾಯಿ ಇಟ್ಟುಕೊಂಡು ಒಬ್ಬಳೇ ಸಮೀಕರಣ ಕಲಿಯುತ್ತಿರುವ ಹೆಂಗಸಿನ ಪಕ್ಕ ದಿನಕ್ಕೆ ಅರ್ಧ ಗಂಟೆ ಕೂರಲು ಆಗದಷ್ಟು ದೊಡ್ಡವಳಾದೆಯಾ? ನೀನು ಇಂಥವಳೆಂದು ನಾನು ತಿಳಿದಿರಲಿಲ್ಲ. ನಿನ್ನ ಅಪ್ಪನಿಗೂ ಇದು ಇಷ್ಟವಿಲ್ಲವಂತೆ. ಅವರಿಗೆ ಹೇಳಿ ಒಪ್ಪಿಸಬೇಕಾದವಳು ನೀನೇ. ಈ ಚೀಟಿ ತಲುಪಿದ ದಿನವೇ ಅಮ್ಮನ ಪಕ್ಕ ಕೂತು ನನಗೆ ನಾಲ್ಕು ಸಾಲು ಬರೆ.

ನಿನ್ನ ಮಿಸ್


ಚಾಮರಾಜಪೇಟೆ
30 ಜನವರಿ 2025

ಮಿಸ್,

ಯಶಶ್ರೀ ನಿಮ್ಮನ್ನ ಹಾಗೇ ಕರೀತಿದ್ಲು. ನಾನೂ ಹಾಗೇ ಕರೀತೀನಿ, ಬೇಜಾರು ಮಾಡ್ಕೋಬೇಡಿ.

ಉತ್ತರ ಬರೆಯಕ್ಕೆ ಎಷ್ಟೋ ಸಲ ಕೂತೆ. ಸಂಕ್ರಾಂತಿ ಕಳೀಲಿ ಅಂತ ಮುಂದಕ್ಕೆ ಹಾಕಿದೆ. ಈಗ ಹೇಳಿಬಿಡ್ತೀನಿ. ಯಶಶ್ರೀ ಆಗಸ್ಟ್ ತಿಂಗಳಲ್ಲಿ ಹೋಗ್ಬಿಟ್ಟಳು. ನಿಮಗೆ ಮೊದಲನೇ ಕಾಗದ ಬರೆದಾಗ ಅವಳ ತಿಂಗಳ ಮಾಸಿಕ ಮುಗಿದಿತ್ತು.

ಅವತ್ತು ನನ್ನ ಪರೀಕ್ಷೆ ಅರ್ಜಿ ಸ್ಕೂಲಿಗೆ ಕೊಟ್ಟು ಬರ್ತೀನಿ ಅಂತ ಸ್ಕೂಟರ್ ತಗೊಂಡು ಹೋದಳು. ಕೊಟ್ಟೆ ಕಣಮ್ಮ, ಇನ್ನು ನೀನು ತಪ್ಪಿಸ್ಕೊಳ್ಳೋ ಹಾಗಿಲ್ಲ ಅಂತ ಫೋನ್ ಮಾಡಿದಳು. ವಾಪಸ್ಸು ಬರೋವಾಗ ಒಂದು ಲಾರಿ ಹಿಂದಕ್ಕೆ ತಗೋತಿತ್ತಂತೆ. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದಳು, ಮಾತಾಡಲಿಲ್ಲ. ಕಾಲಿನ ಗಾಯಕ್ಕೆ ಆ ಔಷಧಿ ಹಾಕ್ತಿದ್ರು. ನಾನು ಪಕ್ಕದಲ್ಲಿ ನಿಂತು ನೊರೆ ನೋಡ್ತಿದ್ದೆ. ನೊರೆ ಬಂದರೆ ವಾಸಿಯಾಗ್ತಿದೆ ಅಂತ ಅಂದ್ಕೊಂಡಿದ್ದೆ.

ನಿಮಗೆ ಯಾಕೆ ಹೇಳಲಿಲ್ಲ ಅಂತ ನೀವು ಕೇಳೇ ಕೇಳ್ತೀರಿ. ಮೋಸ ಮಾಡಬೇಕು ಅಂತಲ್ಲ. ಮೊದಲನೇ ಸಲ ಬರೆಯೋವಾಗ ಆ ಮಾತು ಕೈಲಿ ಬರಲಿಲ್ಲ. ಆಮೇಲೆ ನಿಮ್ಮ ಉತ್ತರ ಬಂತು. ಅವಳಿಗೆ ಆಶೀರ್ವಾದ ತಿಳಿಸಿ ಅಂತ ಬರೆದಿದ್ರಿ. ಇಲ್ಲಿ ಎಲ್ಲರೂ ಅವಳು ಹಾಗಿದ್ಲು, ಹೀಗಿದ್ಲು ಅಂತಾರೆ. ನೀವೊಬ್ಬರೇ ಅವಳಿಗೆ ಹೇಳಿ, ಅವಳನ್ನ ಕೇಳಿ, ಆ ಅಭ್ಯಾಸ ಬಿಟ್ಟಿದಾಳಾ ಅಂತ ಬರೀತಿದ್ರಿ. ನಿಮ್ಮ ಕಾಗದದಲ್ಲಿ ಅವಳು ಕಾಲೇಜಿಗೆ ಹೋಗ್ತಾ ಇದ್ದಳು. ಅದನ್ನ ನಿಲ್ಲಿಸಕ್ಕೆ ನನ್ನ ಕೈಲಿ ಆಗಲಿಲ್ಲ.

ನೀವು ಅವಳಿಗೆ ಬರೆದ ಚೀಟಿ ನಾನು ಓದಿದೆ. ದಯವಿಟ್ಟು ನೊಂದ್ಕೋಬೇಡಿ. ಅವಳು ಹೋದ ಮೇಲೆ ಯಾರೂ ಅವಳನ್ನ ಬೈದಿಲ್ಲ. ಎಲ್ಲರೂ ಹೊಗಳೋರೇ, ಅಂಥ ಮಗು ಇಲ್ಲ ಅನ್ನೋರೇ. ನಿಮ್ಮ ಚೀಟಿ ಓದುವಾಗ ಅವಳು ಇಲ್ಲೇ ಎಲ್ಲೋ ಮುಖ ಊದಿಸ್ಕೊಂಡು ನಿಂತಿದಾಳೆ ಅನಿಸ್ತು. ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಆದರೆ ಅವಳ ಬಗ್ಗೆ ನೀವು ಒಂದು ತಪ್ಪು ತಿಳ್ಕೊಂಡಿದೀರಿ, ಅದನ್ನ ಹೇಳಲೇಬೇಕು. ಅವಳು ಬೇರೆ ಹುಡುಗೀರ ಪ್ರಶ್ನೆನ ಗಟ್ಟಿಯಾಗಿ ಹೇಳ್ತಿದ್ದದ್ದು ಗದ್ದಲ ಮಾಡಕ್ಕಲ್ಲ. ನಿಮಗೆ ಕಿವಿ ಸರಿಯಾಗಿ ಕೇಳಿಸಲ್ಲ ಅಂತ ಎಂಟನೇ ಕ್ಲಾಸಿನಲ್ಲೇ ಅವಳಿಗೆ ಗೊತ್ತಾಗಿತ್ತು. ನನ್ನ ಹತ್ತಿರ ಮಾತ್ರ ಹೇಳಿದ್ಲು. ಹಿಂದಿನ ಬೆಂಚಿನವರು ಕೇಳಿದ್ದು ಮಿಸ್‌ಗೆ ಕೇಳಿಸಲ್ಲಮ್ಮ, ಹುಡುಗೀರು ನಗ್ತಾರೆ, ಅದಕ್ಕೆ ನಾನು ಇನ್ನೊಂದು ಸಲ ಹೇಳ್ತೀನಿ ಅಂತ. ಬೈಸಿಕೊಂಡು ಬಂದ ದಿನವೂ ಮಾರನೇ ದಿನ ಅದೇ ಮಾಡ್ತಿದ್ಲು.

ನಮ್ಮ ಯಜಮಾನರ ವಿಷಯ ಏನು ಬರೀಲಿ. ಅವರು ಅವಳ ಹೆಸರು ಎತ್ತಲ್ಲ. ನಾನು ಪುಸ್ತಕ ಹಿಡಿದಿರೋದು ನೋಡಿ ಒಂದೇ ಒಂದು ಸಲ ಬಾಯಿ ಬಿಟ್ಟರು. "ನಿನ್ನ ಪರೀಕ್ಷೆಗೇ ಹೋಗಿದ್ದು ಅವಳು" ಅಂದರು. ಸಿಟ್ಟಿನಲ್ಲಿ ಅನ್ನಲಿಲ್ಲ, ಮೆಲ್ಲಗೆ ಅಂದರು. ಪುಸ್ತಕ ಮುಚ್ಚಿಟ್ಟೆ. ಬಿಟ್ಟುಬಿಡೋಣ ಅಂತಲೂ ಅನಿಸ್ತು. ಆದರೆ ಅವಳು ಕೊಟ್ಟು ಬಂದ ಅರ್ಜಿ. ನಾನು ಬರೆಯದೇ ಇದ್ದರೆ ಅವಳು ಸುಮ್ಮನೆ ಹೋದ ಹಾಗೆ ಆಗತ್ತೆ.

ವಿಶಾಲಮ್ಮ


ಮೇಲುಕೋಟೆ
8 ಫೆಬ್ರವರಿ 2025

ವಿಶಾಲಮ್ಮ,

ಏನು ಬರೆಯಲಿ.

ನಿಮ್ಮ ಕಾಗದವನ್ನು ತಂಗಿಗೂ ತೋರಿಸಲಿಲ್ಲ. ಕಲ್ಯಾಣಿಯ ಮೆಟ್ಟಿಲ ಮೇಲೆ ಹೋಗಿ ಕೂತೆ. ಬಿಸಿಲು ಏರಿತು, ಎದ್ದು ಬಂದೆ.

ಹೌದು, ನನಗೆ ಕಿವಿ ಕೇಳಿಸುವುದಿಲ್ಲ. ಫೋನ್ ಒಗ್ಗುವುದಿಲ್ಲ ಎಂದು ಬರೆದದ್ದು ಅದಕ್ಕೇ. ಕೆಲಸ ಬಿಟ್ಟದ್ದೂ ಅದಕ್ಕೇ. ಅವಧಿ ಇನ್ನೂ ಇತ್ತು. ಆರೋಗ್ಯ ಸರಿಯಿಲ್ಲವೆಂದು ಬರೆದುಕೊಟ್ಟೆ. ಶಾಲೆಯಲ್ಲಿ ಯಾರಿಗೂ ತಿಳಿಯದಂತೆ ನಡೆಸಿಕೊಂಡು ಹೋಗುತ್ತಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಯಶಶ್ರೀಯ ತಂಡ ಪಾಸಾಗಿ ಹೋದ ಮೇಲೆ ತರಗತಿ ಯಾಕೋ ಕಷ್ಟವಾಗತೊಡಗಿತು. ಮಕ್ಕಳು ಪ್ರಶ್ನೆ ಕೇಳುವುದೇ ಇಲ್ಲ, ಈಗಿನ ಮಕ್ಕಳಿಗೆ ಆಸಕ್ತಿಯಿಲ್ಲ ಅಂದುಕೊಂಡೆ. ಅವರು ಕೇಳುತ್ತಿದ್ದರು. ಅದನ್ನು ನನಗೆ ಮುಟ್ಟಿಸುವವಳು ಇರಲಿಲ್ಲ. ಇದು ನಿಮ್ಮ ಕಾಗದ ಓದಿದ ಮೇಲೆ ನನಗೆ ತಿಳಿದದ್ದು.

ಬೂದಿಯ ಬಗ್ಗೆ ನಾನು ಬರೆದದ್ದನ್ನು ಈಗ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಚೆನ್ನಾಗಿ ಉರಿದಷ್ಟೂ ಎಂದು ಬರೆದಿದ್ದೆ. ನೀವು ಅದನ್ನು ಹೇಗೆ ಓದಿದಿರೋ. ಯಾವುದೂ ಇಲ್ಲವಾಗಿಲ್ಲ ಎಂದೂ ಬರೆದಿದ್ದೆ. ಶಾಸ್ತ್ರ ಹಾಗೆಯೇ ಹೇಳುತ್ತದೆ, ಅದು ಸುಳ್ಳಲ್ಲ. ಆದರೆ ನೀವು ಕೇಳಿದ್ದು ಪರಮಾಣುಗಳನ್ನಲ್ಲ. ಅದನ್ನು ನಾನು ಆಗಲೇ ಅರಿಯಬೇಕಿತ್ತು.

ನಿಮ್ಮ ಯಜಮಾನರ ಮಾತಿಗೆ ನೀವು ಉತ್ತರ ಹುಡುಕಬೇಡಿ. ಅವರು ನಿಮ್ಮನ್ನು ಕೇಳಿದ್ದಲ್ಲ ಅದು.

ಓದು ಮುಂದುವರಿಸುವುದಾದರೆ ನಾನಿದ್ದೇನೆ. ನಿಲ್ಲಿಸಿದರೂ ಬರೆಯಿರಿ.

ರಂಗನಾಯಕಿ


ಚಾಮರಾಜಪೇಟೆ
17 ಫೆಬ್ರವರಿ 2025

ಮಿಸ್,

ಮುಂದುವರಿಸ್ತೀನಿ. ಕಬ್ಬಿಣದ ಮೇಲೆ ನೀರಾವಿ ಹಾಯಿಸೋದು ಬರತ್ತಲ್ಲ, ಅದು ಆಗ್ತಿಲ್ಲ. ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡತ್ತೆ. ಎಲ್ಲಿಂದ ಶುರು ಮಾಡಬೇಕು?

ವಿಶಾಲಮ್ಮ


ಮೇಲುಕೋಟೆ
25 ಫೆಬ್ರವರಿ 2025

ವಿಶಾಲಮ್ಮ,

Fe + H₂O → Fe₃O₄ + H₂

ಎಲ್ಲಕ್ಕಿಂತ ದೊಡ್ಡ ಸೂತ್ರ ಯಾವುದೋ ಅಲ್ಲಿಂದ ಶುರುಮಾಡಿ. ಇಲ್ಲಿ Fe₃O₄. ಅದರಲ್ಲಿ ಆಕ್ಸಿಜನ್ ನಾಲ್ಕು. ಎಡಗಡೆ ನೀರಿನಲ್ಲಿ ಒಂದು. ಆದ್ದರಿಂದ ನೀರಿನ ಮುಂದೆ ನಾಲ್ಕು. ಈಗ ನೀರಿನ ಹೈಡ್ರೋಜನ್ ಎಂಟಾಯಿತು. ಬಲಗಡೆ H₂ ಮುಂದೆ ನಾಲ್ಕು ಹಾಕಿದರೆ ಅದೂ ಎಂಟು. ಉಳಿದದ್ದು ಕಬ್ಬಿಣ, ಎಡಗಡೆ ಮೂರು.

3Fe + 4H₂O → Fe₃O₄ + 4H₂

ಒಂಟಿಯಾಗಿರುವ ಧಾತುವನ್ನು ಯಾವಾಗಲೂ ಕೊನೆಗೆ ಇಟ್ಟುಕೊಳ್ಳಿ. ಅದರ ಮುಂದೆ ಎಷ್ಟು ಹಾಕಿದರೂ ಬೇರೆಯದರ ಲೆಕ್ಕ ಕೆಡುವುದಿಲ್ಲ. ಮುಗಿದ ಮೇಲೆ ಎರಡೂ ಕಡೆ ಮತ್ತೆ ಎಣಿಸಿ. ಎಣಿಸದೆ ಮುಂದಿನ ಪ್ರಶ್ನೆಗೆ ಹೋಗಬೇಡಿ. ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ.

ಹತ್ತು ಸಮೀಕರಣ ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಪರೀಕ್ಷೆಯ ದಿನ ಹೊಟ್ಟೆ ತುಂಬ ತಿಂದು ಹೋಗಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ.

ರಂಗನಾಯಕಿ


ಚಾಮರಾಜಪೇಟೆ
6 ಏಪ್ರಿಲ್ 2025

ಮಿಸ್,

ಪರೀಕ್ಷೆ ಮುಗೀತು. ಇಂಗ್ಲಿಷ್ ಚೆನ್ನಾಗಿ ಆಗಿಲ್ಲ. ವಿಜ್ಞಾನ ಪರವಾಗಿಲ್ಲ. ಸರಿದೂಗಿಸೋ ಪ್ರಶ್ನೆ ಬಂದಿತ್ತು, ಅಲ್ಯೂಮಿನಿಯಂ ಕಬ್ಬಿಣದ ಆಕ್ಸೈಡ್ ಜೊತೆ ಸೇರೋದು. ನೀವು ಹೇಳಿದ ಹಾಗೆ ಎರಡು ಸಲ ಎಣಿಸಿದೆ.

ಹೊರಗೆ ಬಂದಾಗ ಗೇಟಿನ ಹತ್ತಿರ ಹುಡುಗೀರು ಗುಂಪು ಕಟ್ಟಿಕೊಂಡು ಉತ್ತರ ನೋಡ್ತಿದ್ರು. ಒಬ್ಬಳು ನನ್ನನ್ನ ತಡೆದು ಆಂಟಿ, ಅಲ್ಯೂಮಿನಿಯಂಗೆ ಎಷ್ಟು ಹಾಕಿದ್ರಿ ಅಂದಳು. ಎರಡು ಅಂದೆ. ಅವಳು ಮೂರು ಹಾಕಿದ್ಲಂತೆ, ಕಣ್ಣಲ್ಲಿ ನೀರು ತುಂಬ್ಕೊಂಡಳು. ಅಲ್ಲೇ ಕಾಂಪೌಂಡಿನ ಗೋಡೆಗೆ ಪ್ರಶ್ನೆಪತ್ರಿಕೆ ಇಟ್ಟು, ಯಾಕೆ ಎರಡು ಅಂತ ಹೇಳಿಕೊಟ್ಟೆ. ಇನ್ನಿಬ್ಬರು ಬಂದು ನಿಂತ್ಕೊಂಡ್ರು. ಹೇಳೋ ಅಷ್ಟು ಹೊತ್ತು ಏನೂ ಅನಿಸಲಿಲ್ಲ. ಅವರು ಥ್ಯಾಂಕ್ಸ್ ಆಂಟಿ ಅಂತ ಹೇಳಿ ಹೋದರು. ಆಮೇಲೆ ಗಾಂಧಿ ಬಜಾರ್ ದಾರೀಲಿ ನಡೆದು ಬಂದೆ. ಒಂದು ಹೂವಿನ ಅಂಗಡಿ ಪಕ್ಕ ನಿಂತುಬಿಟ್ಟೆ. ಹೂವಿನವಳು ತನ್ನ ಸ್ಟೂಲು ಕೊಟ್ಟಳು.

ಇನ್ನು ಕೇಳಕ್ಕೆ ಪಾಠ ಏನೂ ಇಲ್ಲ. ನಿಮಗೆ ಸುಮ್ಮನೆ ತೊಂದರೆ ಕೊಡಬಾರದು.

ವಿಶಾಲಮ್ಮ


ಮೇಲುಕೋಟೆ
15 ಏಪ್ರಿಲ್ 2025

ವಿಶಾಲಮ್ಮ,

ಪಾಠ ಇಲ್ಲದಿದ್ದರೂ ಬರೆಯಿರಿ. ಅಂಚೆಯವನು ಈ ಬೀದಿಗೆ ಬಂದರೆ ಈಗ ನಾನು ಬಾಗಿಲಿಗೆ ಹೋಗುತ್ತೇನೆ. ಹೇಗಿದ್ದರೂ ಅವನು ಕೂಗಿದ್ದು ನನಗೆ ಕೇಳಿಸುವುದಿಲ್ಲ.

ಮೂರು ವರ್ಷ ಅವಳು ನನ್ನ ಎದುರಿಗೆ ಕೂತಿದ್ದಳು. ಅವಳ ಬಗ್ಗೆ ನನಗೆ ಗೊತ್ತಿದ್ದದ್ದು ಅಂಕ ಮತ್ತು ಗಂಟಲು ಮಾತ್ರ. ಅವಳು ಹೇಗಿದ್ದಳು? ಏನು ತಿಂದರೆ ಇಷ್ಟ? ಮನೆಯಲ್ಲೂ ವಾದ ಮಾಡುತ್ತಿದ್ದಳೇ? ಬರೆಯಲು ಕಷ್ಟವಾಗದಿದ್ದರೆ ಬರೆಯಿರಿ.

ರಂಗನಾಯಕಿ


ಚಾಮರಾಜಪೇಟೆ
11 ಮೇ 2025

ಮಿಸ್,

ವಾದವೇ. ಬೆಳಗ್ಗೆ ಎದ್ದರೆ ಸ್ನಾನಕ್ಕೆ ಹೋಗು ಅಂದರೆ ವಾದ, ಮಲಗು ಅಂದರೆ ವಾದ. ಉಪ್ಸಾರು ಮುದ್ದೆ ಅಂದರೆ ಪ್ರಾಣ, ಆದರೆ ಕಾಲೇಜಿನ ಸ್ನೇಹಿತರು ಬಂದರೆ ನಾವು ಮನೇಲಿ ಮುದ್ದೆ ಅಷ್ಟಾಗಿ ಮಾಡಲ್ಲ ಅಂತ ಹೇಳೋಳು. ಅವರು ಹೋದ ಮೇಲೆ ಎರಡು ಮುದ್ದೆ ಉಣ್ಣೋಳು. ಬೆಕ್ಕು ಕಂಡರೆ ಭಯ. ಅವರಪ್ಪನ ಮೀಸೆ ಬೆಳ್ಳಗಾಗಿದ್ದು ನೋಡಿ ಬಣ್ಣ ತಂದು ಹಚ್ಚಿದ್ಲು. ಇವರು ಬೇಡ ಬೇಡ ಅಂತಲೇ ಮುಖ ಒಡ್ಡಿ ಕೂತಿದ್ರು. ಬರೆಯಕ್ಕೆ ಕಷ್ಟ ಆಗಲಿಲ್ಲ ಮಿಸ್. ಕೇಳಿದ್ದಕ್ಕೆ ಒಳ್ಳೇದಾಯ್ತು.

ರಿಸಲ್ಟ್ ಬಂತು. ಇಂಗ್ಲಿಷ್ ಹೋಗಿದೆ. ಮಿಕ್ಕಿದ್ದೆಲ್ಲ ಪಾಸು. ಕಲ್ಯಾಣಮ್ಮನ ಫೋನಿನಲ್ಲಿ ನೋಡಿದೆ.

ಇವರಿಗೆ ಹೇಳೋದೋ ಬೇಡವೋ ಅಂತ ಇದ್ದೆ. ಮಧ್ಯಾಹ್ನ ಮಂಡಿ ಮುಗಿಸಿ ಬಂದು ಕಾಲು ತೊಳೀತಿದ್ರು. ಅವರೇ ಕೇಳಿದರು, ಮಂಡೀಲಿ ಯಾರದೋ ಮಗನ ರಿಸಲ್ಟ್ ಮಾತು ಬಂದಿತ್ತಂತೆ. ಒಂದರಲ್ಲಿ ಹೋಯ್ತು ಅಂದೆ. ಯಾವುದು ಅಂದರು. ಇಂಗ್ಲಿಷ್ ಅಂದೆ. ವಿಜ್ಞಾನ ಅಂದರು. ಆಯ್ತು ಅಂದೆ. ಟವೆಲು ಹೆಗಲ ಮೇಲೆ ಹಾಕ್ಕೊಂಡ್ರು. ಮತ್ತೆ ಕಟ್ಟು ಅಂದರು.

ಊಟಕ್ಕೆ ಬಡಿಸಿದೆ. ಉಂಡು ಎದ್ದು ಹೋಗಲಿಲ್ಲ. ಅಡಿಗೆಮನೆ ಗೋಡೆಗೆ ಒರಗಿ ಕೂತ್ಕೊಂಡ್ರು. ಆಮೇಲೆ, "ಅವಳು ಹೆಂಗೆ ಹೇಳಿಕೊಡ್ತಿದ್ಲು, ಹಂಗೆ ಹೇಳು" ಅಂದರು.

ನನಗೆ ಅರ್ಥ ಆಗಲಿಲ್ಲ. ಪುಸ್ತಕ ತರಲಾ ಅಂದೆ. ಬೇಡ, ಅವಳು ಹೇಳೋ ಥರ ಹೇಳು ಅಂದರು.

ಅವಳ ಥರಾನೇ ಕಾಲು ಮಡಚಿ ಕೂತೆ. ಇಲ್ಲಿ ನೋಡಮ್ಮ, ನನ್ನ ಮುಖ ಅಲ್ಲ, ಪುಸ್ತಕ ನೋಡು ಅಂತ ಶುರು ಮಾಡೋಳು, ನಾನೂ ಹಾಗೇ ಶುರು ಮಾಡಿದೆ. ಮೆಗ್ನೀಸಿಯಂ ಪಟ್ಟಿ ಉರಿಸಿದರೆ ಬೆಳ್ಳಗೆ ಬೆಳಕು ಬರತ್ತಮ್ಮ, ಅದನ್ನ ಬರಿಗಣ್ಣಲ್ಲಿ ನೋಡಬಾರದು, ಉಳಿಯೋದು ಬಿಳಿ ಪುಡಿ ಅಂತೆಲ್ಲ ಅವಳು ಎಳೆದು ಎಳೆದು ಹೇಳೋ ಥರ ಹೇಳಿದೆ. ಮೊದಮೊದಲು ನಾಚಿಕೆ ಆಯ್ತು. ಆಮೇಲೆ ಅವಳ ಮಾತು ತಾನಾಗೇ ಬರ್ತಾ ಹೋಯ್ತು. ನನ್ನ ಬಾಯಲ್ಲಿ ಇಷ್ಟು ದಿನ ಇತ್ತು ಅಂತ ನನಗೇ ಗೊತ್ತಿರಲಿಲ್ಲ. ಇವರು ಕಣ್ಣು ಮುಚ್ಚಿಕೊಂಡು ಕೇಳ್ತಿದ್ರು.

ಅವಳು ನಿಲ್ಲಿಸಿದ ಜಾಗ ಬಂತು. ಅಲ್ಲಿಂದ ಮುಂದೆ ಅವಳು ಹೇಳಿದ್ದು ನನ್ನ ಹತ್ತಿರ ಏನೂ ಇಲ್ಲ. ಆದರೂ ನಾನು ನಿಲ್ಲಿಸಲಿಲ್ಲ ಮಿಸ್. ಅವಳಿದ್ದಿದ್ದರೆ ಹೇಗೆ ಹೇಳ್ತಿದ್ಲೋ ಹಾಗೇ ಹೇಳಿದೆ. ಆಕ್ಸಿಜನ್ ಒಂದೇ ಬರಲ್ಲಮ್ಮ, ಜೋಡಿ ಬರತ್ತೆ, ಅದಕ್ಕೆ ಆ ಕಡೆ ಪುಡಿಗೆ ಎರಡು ಹಾಕು, ಈ ಕಡೆ ಮೆಗ್ನೀಸಿಯಂಗೂ ಎರಡು ಹಾಕು, ಈಗ ಎಣಿಸು ಅಂದೆ.

ಮುಗೀತು. ಇವರು ಕಣ್ಣು ತೆಗೀಲಿಲ್ಲ. ಮೀಸೆ ಎಲ್ಲ ಒದ್ದೆಯಾಗಿತ್ತು.

"ಇನ್ನೊಂದು ಸಲ ಹೇಳು" ಅಂದರು.

ಹೇಳಿದೆ.

ವಿಶಾಲಮ್ಮ